ಬಯಾನಾಕ್ಕೆ ನಾನು ಅಡ್ವಾನ್ಸ್ ಎಂದೆ

ನನ್ನ ತಮ್ಮ ಮಹೇಶ ಮನೆ ಕೊಳ್ಳಲು ಹೊರಟಾಗ ಲೆಕ್ಕ ಹಾಕಿದವಳು ನಾನೇ. ಆ ಲೆಕ್ಕವನ್ನು ನಂಬಿ ಅವನ ಹೆಂಡತಿ ಸುಧಾ ಕೈಬಳೆ ಬಿಚ್ಚಿ ಮಾರಿದಳು. ಮನೆ ಬರಲಿಲ್ಲ, ಬಳೆಯ ದುಡ್ಡೂ ಬರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಅಲ್ಲಿಗೆ ಹೋಗುತ್ತೇನೆಂದರೆ ನಡುವೆಯೇ ನನ್ನ ಧೈರ್ಯ ಮುಗಿದುಹೋಗುತ್ತದೆ.

ಕಾಶಿಯಲ್ಲಿ ಮನೆಸಾಲದ ಏಜೆಂಟರೊಬ್ಬರ ಆಫೀಸಿನಲ್ಲಿ ನಾನು ಅರ್ಧ ಆಯುಸ್ಸು ಕಳೆದೆ. ಹೋದ ವರ್ಷ ಕೆಲಸ ಬಿಟ್ಟೆ. ನಮ್ಮ ಶಿವಾಲ ಕೇರಿಯ ಗಲ್ಲಿಯ ಇಬ್ಬರು ಹುಡುಗಿಯರು ಈಗ ಅಂಥದೇ ಕೆಲಸಕ್ಕೆ ಸೇರಿದ್ದಾರೆ. ಇಬ್ಬರೂ ಕನ್ನಡದವರ ಮಕ್ಕಳು, ಬಿ.ಕಾಂ. 'ಗಿರಿಜಾ ಆಂಟಿ, ಕೆಲಸ ಹೇಗಿರುತ್ತೆ ಹೇಳಿ' ಎಂದು ಬರುತ್ತಾರೆ. ಬಾಯಲ್ಲಿ ಹೇಳಲು ಕೂತರೆ ನಗಿಸುವ ಸಂಗತಿಗಳೇ ಮುಂದೆ ಬರುತ್ತವೆ, ಮಿಕ್ಕದ್ದು ಹಿಂದೆಯೇ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೆಯ ಕ್ಲಾಸು, ಅದೂ ಹಿಂದಿಯಲ್ಲಿ. ಕನ್ನಡದ ಅಕ್ಷರ ಅಮ್ಮ ಹೇಳಿಕೊಟ್ಟದ್ದು, ಮನೆಯ ಸಂಗತಿ ನನಗೆ ಅದರಲ್ಲೇ ಬರುತ್ತದೆ. ಈ ಹುಡುಗಿಯರಿಗೆ ಕನ್ನಡ ಓದುವುದು ಕಷ್ಟ. ಅವರ ಅಮ್ಮಂದಿರು ಓದಿ ಹೇಳಲಿ.

ಅಪ್ಪ ದಾವಣಗೆರೆ ಕಡೆಯವರು. ಇಲ್ಲಿನ ಮಠವೊಂದರ ಅಡುಗೆಮನೆಗೆ ಬಂದು ಇಲ್ಲಿಯೇ ಉಳಿದರು. ಅಪ್ಪ ಹೋದ ಮೇಲೆ ಮಹೇಶನ ಓದು ನಿಲ್ಲಬಾರದೆಂದು ನಾನು ಕೆಲಸ ಹುಡುಕಿದೆ. ಭೇಲೂಪುರದಲ್ಲಿ ತ್ರಿಪಾಠಿಜಿಯವರ ಆಫೀಸು. ಒಂದು ಕೋಣೆ, ಎರಡು ಮೇಜು, ಗೋಡೆಯ ಮೇಲೆ ಗಣೇಶ. ಬ್ಯಾಂಕಿಗೂ ಮನೆ ಕೊಳ್ಳುವವರಿಗೂ ನಡುವೆ ಓಡಾಡುವುದು ಅವರ ದಂಧೆ. ಸಾಲ ಪಾಸಾದರೆ ಬ್ಯಾಂಕು ಅವರಿಗೆ ಕಮಿಷನ್ ಕೊಡುತ್ತಿತ್ತು. ನಾನು ಮೊದಲು ಕಸ ಗುಡಿಸಿದೆ, ಚಹಾ ತಂದೆ, ಜೆರಾಕ್ಸ್ ಮಾಡಿಸಿದೆ. ಒಂದು ದಿನ ಕೇದಾರ ಘಾಟಿನ ಕಡೆಯಿಂದ ಒಂದು ತೆಲುಗು ಕುಟುಂಬ ಬಂತು. ತ್ರಿಪಾಠಿಜಿ ನನ್ನನ್ನು ಕರೆದು, 'ಗಿರಿಜಾಜೀ, ಆಪ್‌ಕೇ ಮದ್ರಾಸಿ ಲೋಗ್ ಆಯೇ ಹೈಂ, ಸಂಭಾಲಿಯೇ' ಎಂದರು. ನಿಮ್ಮ ಮದ್ರಾಸಿಗಳು ಬಂದಿದ್ದಾರೆ, ನೋಡಿಕೊಳ್ಳಿ ಎಂದು.

'ಇವರು ಆಂಧ್ರದವರು, ನಾನು ಕರ್ನಾಟಕದವಳು' ಎಂದೆ.

'ಅರೇ, ದೋನೋಂ ಇಡ್ಲಿ ಖಾತೇ ಹೈಂ ನಾ?' ಇಬ್ಬರೂ ಇಡ್ಲಿ ತಿನ್ನುವವರಲ್ಲವೇ ಎಂದು.

ಹಾಗೆ ನಾನು ದಕ್ಷಿಣದವರಿಗೆ ಲೆಕ್ಕ ಹೇಳುವವಳಾದೆ. ಮಠದ ನೌಕರರು, ಪುರೋಹಿತರ ಮನೆಯವರು, ಲಾಡ್ಜಿನವರು, ವಿಶ್ವವಿದ್ಯಾಲಯದ ಮೇಷ್ಟ್ರುಗಳು, ಡಾಕ್ಟರುಗಳು ಎಲ್ಲರೂ ನನ್ನ ಮೇಜಿನ ಎದುರು ಕೂತರು.

ಹುಡುಗಿಯರೇ, ನಿಮಗೆ ಆಫೀಸಿನಲ್ಲಿ ಬಡ್ಡಿ, ವಾಯಿದೆ ಎಲ್ಲ ಕಲಿಸುತ್ತಾರೆ. ಎದುರಿಗೆ ಕೂತವರ ಭಯದ ಬಗ್ಗೆ ಯಾರೂ ಕಲಿಸುವುದಿಲ್ಲ. ಮನೆ ಕೊಳ್ಳಲು ಬಂದವರು ಸಂತೋಷದಲ್ಲಿರುತ್ತಾರೆ ಎಂದು ತಿಳಿಯಬೇಡಿ. ಗಂಡಸರು ಮೊಣಕಾಲು ಉಜ್ಜಿಕೊಳ್ಳುತ್ತಾ ಇರುತ್ತಾರೆ. ಹೆಂಗಸರು ನಮ್ಮ ಬಾಯನ್ನೇ ನೋಡುತ್ತಿರುತ್ತಾರೆ. ಇಪ್ಪತ್ತು ವರ್ಷ ಎಂಬ ಮಾತು ಬಂದ ಕೂಡಲೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಅಷ್ಟು ವರ್ಷ ಬದುಕಿರುತ್ತೇವಾ, ಕೆಲಸ ಇರುತ್ತದಾ ಎಂದು. ತ್ರಿಪಾಠಿಜಿಯ ಪಾಠ ಒಂದೇ ಆಗಿತ್ತು: 'ಡರಾನಾ ನಹೀಂ.' ಹೆದರಿಸಬೇಡ. ಹೆದರಿದವನು ಎದ್ದು ಹೋಗುತ್ತಾನೆ, ಎದ್ದು ಹೋದವನು ಮತ್ತೆ ಬರುವುದಿಲ್ಲ. ಮೊದಲು ತಿಂಗಳ ಕಂತು ಹೇಳು. ಕೈಯಿಂದ ಹಾಕುವ ದುಡ್ಡನ್ನು ಆಮೇಲೆ ಹೇಳು, ಅದನ್ನೂ ಸ್ವಲ್ಪ ಸ್ವಲ್ಪವಾಗಿ ಹೇಳು.

ಆಗ ನಮ್ಮ ಕೈಯಲ್ಲಿ ಈಗಿನಂಥ ಫೋನು ಇರಲಿಲ್ಲ. ಬಾಯಿಲೆಕ್ಕ. ಬಡ್ಡಿ ನೂರಕ್ಕೆ ಒಂಬತ್ತು, ವಾಯಿದೆ ಇಪ್ಪತ್ತು ವರ್ಷ ಎಂದರೆ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಒಂಬೈನೂರು ರೂಪಾಯಿ ಕಂತು. ಹತ್ತು ಲಕ್ಷಕ್ಕೆ ಒಂಬತ್ತು ಸಾವಿರ, ಇಪ್ಪತ್ತಕ್ಕೆ ಹದಿನೆಂಟು. ಬಡ್ಡಿ ಏರಿಳಿದಾಗ ತ್ರಿಪಾಠಿಜಿ ಬೆಳಿಗ್ಗೆಯೇ ಹೊಸ ಅಂಕಿ ಹೇಳುತ್ತಿದ್ದರು, ನಾನು ಅದನ್ನು ಬಾಯಿಪಾಠ ಮಾಡುತ್ತಿದ್ದೆ. ಜನ ಬೆರಗಾಗುತ್ತಿದ್ದರು. ಅದರಲ್ಲಿ ಬೆರಗಾಗುವಂಥದ್ದು ಏನೂ ಇರಲಿಲ್ಲ. ಆ ಅಂಕಿ ಎಲ್ಲಿಂದ ಬರುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗೊತ್ತಿಲ್ಲದ್ದಕ್ಕೆ ಬೇಗನೇ ಪೆಟ್ಟು ತಿಂದೆ. ಕೇದಾರ ಘಾಟಿನ ಲಾಡ್ಜೊಂದರಲ್ಲಿ ಮ್ಯಾನೇಜರಾಗಿದ್ದ ಬಸಣ್ಣ ಮಾವ ಅಪ್ಪನ ಗೆಳೆಯರು. ಎಂಟು ಲಕ್ಷ ಸಾಲ ಬೇಕೆಂದು ಬಂದರು. ಏಳು ಸಾವಿರದ ಇನ್ನೂರು ಕಂತು ಎಂದು ಹೇಳಿ ಕಳಿಸಿದೆ. ಅವರು ಮನೆಮಂದಿಗೆಲ್ಲ ಜಿಲೇಬಿ ಒಯ್ದರಂತೆ. ಸಾಲ ಅರವತ್ತು ವರ್ಷದ ಒಳಗೆ ತೀರಬೇಕು ಎಂಬುದು ಆ ಬ್ಯಾಂಕಿನ ನಿಯಮ. ಮಾವನಿಗೆ ಆಗಲೇ ಐವತ್ತು. ಹತ್ತೇ ವರ್ಷದ ವಾಯಿದೆ ಎಂದರೆ ಲಕ್ಷಕ್ಕೆ ಹನ್ನೆರಡೂವರೆ ನೂರಕ್ಕೂ ಮೇಲೆ ಹೋಗುತ್ತದೆ. ಕಂತು ಹತ್ತು ಸಾವಿರ ದಾಟಿತು. ನಾನು ವಯಸ್ಸು ಕೇಳಿರಲಿಲ್ಲ. ಅಪ್ಪನ ಸಮಾನರಾದವರ ವಯಸ್ಸನ್ನು ಮುಖಕ್ಕೆ ಮುಖ ಕೊಟ್ಟು ಕೇಳುವುದು ನಮ್ಮ ಮನೆಯಲ್ಲಿ ಕಲಿಸಿದ್ದಲ್ಲ.

ತ್ರಿಪಾಠಿಜಿ ಎಲ್ಲರೆದುರು ಬೈದರು. 'ಉಮರ್ ಪೂಛನೇ ಮೇಂ ಕೈಸೀ ಶರಮ್? ಯೇ ಶಾದಿ ಕಾ ರಿಶ್ತಾ ಹೈ ಕ್ಯಾ?' ವಯಸ್ಸು ಕೇಳಲು ನಾಚಿಕೆ ಯಾಕೆ, ಇದೇನು ಮದುವೆ ಸಂಬಂಧವೇ ಎಂದು.

ಬಸಣ್ಣ ಮಾವ ಮಾತ್ರ ನಕ್ಕರು. 'ಹೋಗ್ಲಿ ಬಿಡೇ ಗಿರಿಜಾ. ಒಂದು ದಿನ ಮಟ್ಟಿಗಾದ್ರೂ ನಲವತ್ತರ ಹುಡುಗನ್ನ ಮಾಡಿದ್ಯಲ್ಲ.' ಅವರು ಯಾರಿಗೂ ದುಡ್ಡು ಕೊಟ್ಟಿರಲಿಲ್ಲ, ಹಾಗಾಗಿ ನಷ್ಟವಾಗಲಿಲ್ಲ. ಆದರೆ ಅವರು ಮನೆ ಕೊಳ್ಳುವ ಮಾತನ್ನು ಮತ್ತೆ ಎತ್ತಲಿಲ್ಲ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ನನ್ನ ಬಾಯಿಂದ ಬರುವ ಒಂದು ಅಂಕಿಯ ಮೇಲೆ ಒಂದು ಮನೆಯವರು ಸಿಹಿ ಹಂಚುತ್ತಾರೆ ಎಂಬುದು ನನ್ನ ತಲೆಗೆ ಆಗ ಹೊಳೆಯಿತು.

ಈಗ ಆ ಪದದ ವಿಷಯ.

ಇಲ್ಲಿ ಮನೆ ವ್ಯಾಪಾರ ಕುದುರಿದರೆ ಕೊಳ್ಳುವವನು ಮಾರುವವನಿಗೆ ಬಯಾನಾ ಕೊಡಬೇಕು. ಇಂತಿಷ್ಟು ದಿನದಲ್ಲಿ ಉಳಿದ ದುಡ್ಡು ತಂದು ರಜಿಸ್ಟ್ರಿ ಮಾಡಿಸಿಕೊಳ್ಳುತ್ತೇನೆ ಎಂಬ ಮಾತಿಗೆ ಕೊಡುವ ದುಡ್ಡು ಅದು. ಕೊಳ್ಳುವವನು ಹಿಂದೆ ಸರಿದರೆ, ಅಥವಾ ಅವನಿಗೆ ದುಡ್ಡು ಒದಗದಿದ್ದರೆ, ಬಯಾನಾ ಮಾರುವವನಿಗೇ ಹೋಯಿತು. ಈ ಊರಿನಲ್ಲಿ ಮನೆ ಕೊಂಡು ಮಾರಿದವರಿಗೆಲ್ಲ ಇದು ಗೊತ್ತು. ಕರ್ನಾಟಕದಿಂದ ಬಂದವರಿಗೆ ಪದ ಹೊಸದು. ಬಯಾನಾ ಎಂದ ಕೂಡಲೇ, ಅದೇನದು, ಯಾಕದು ಎಂದು ಗಾಬರಿಯಾಗುತ್ತಿದ್ದರು. ಒಂದು ಸಲ ನಾನು, 'ಅದೇ ರೀ, ಅಡ್ವಾನ್ಸ್' ಎಂದೆ. ಮುಖಗಳೆಲ್ಲ ಸಡಿಲವಾದವು. ಅಡ್ವಾನ್ಸ್ ಯಾರಿಗೆ ಗೊತ್ತಿಲ್ಲ? ನಮ್ಮ ಕಡೆ ಬಾಡಿಗೆ ಮನೆಗೆ ಹೋಗುವಾಗ ಕೊಡುತ್ತೇವೆ, ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದಿಷ್ಟು ಹಿಡಿದು ವಾಪಸ್ ಕೊಡುತ್ತಾರೆ. ಅವತ್ತಿನಿಂದ ಕನ್ನಡದವರೆದುರು ಬಯಾನಾ ಎಂಬ ಪದವನ್ನೇ ಬಿಟ್ಟೆ. ವ್ಯಾಪಾರಗಳು ಸರಾಗವಾಗಿ ಮುಗಿಯುತ್ತಿದ್ದುದರಿಂದ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ.

ತಿಳಿಯದೆ ಹಾಗೆ ಹೇಳಿದೆ ಎಂದು ನಾನು ಹೇಳುವಂತಿಲ್ಲ. ಮೈಸೂರಿನ ಡಾಕ್ಟರಮ್ಮ ಒಬ್ಬರು ನನ್ನನ್ನು ಹಿಡಿದು ಕೇಳಿದ್ದರು.

'ಅಡ್ವಾನ್ಸ್ ಅಂದ್ರಲ್ಲ, ಬಾಡಿಗೆ ಮನೆ ಅಡ್ವಾನ್ಸ್ ಥರಾನಾ? ಸಾಲ ಸಿಗ್ಲಿಲ್ಲ ಅಂದ್ರೆ ವಾಪಸ್ ಬರುತ್ತಾ?'

'ಹೂಂ... ಅಂದ್ರೆ...'

'ಹೂಂನೋ, ಅಂದ್ರೆನೋ? ಒಂದು ಹೇಳಿ.'

'ಅಂದ್ರೆ... ಬರಲ್ಲ ಮೇಡಂ.'

ಆಕೆ ನಕ್ಕು, ಮಾರುವವನನ್ನು ಕರೆಸಿ, ಬ್ಯಾಂಕು ಸಾಲ ಕೊಡದಿದ್ದರೆ ಬಯಾನಾ ವಾಪಸ್ ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿದರು. ಅವನು ಗೊಣಗುತ್ತಾ ಒಪ್ಪಿದ. ಅಂದರೆ ಕೇಳಿದರೆ ಆ ಸಾಲು ಸಿಗುತ್ತದೆ ಎಂಬುದೂ ನನಗೆ ಗೊತ್ತಾಯಿತು. ಇದೆಲ್ಲ ಮಹೇಶ ಮನೆ ನೋಡುವುದಕ್ಕೆ ಬಹಳ ಮೊದಲು.

ಮಹೇಶ ಅಷ್ಟು ಹೊತ್ತಿಗೆ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ. ಹರಿಹರದಿಂದ ಸುಧಾಳನ್ನು ತಂದುಕೊಂಡಿದ್ದೆವು. ಒಬ್ಬಳು ಮಗಳು, ಗೌರಿ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು. ಶಿವಾಲದಲ್ಲೇ ನನ್ನ ಕೋಣೆಯಿಂದ ನಾಲ್ಕು ಮನೆ ಆಚೆ ಬಾಡಿಗೆಗಿದ್ದರು. ಭೇಲೂಪುರದ ಒಳಗಲ್ಲಿಯಲ್ಲಿ ಒಂದು ಫ್ಲಾಟು ಮಾರಾಟಕ್ಕಿದೆ ಎಂದು ಮಹೇಶನೇ ಹುಡುಕಿ ತಂದ. ಮೂವತ್ತು ಲಕ್ಷ. ಮಾಲೀಕ ಬಟ್ಟೆ ವ್ಯಾಪಾರಿ. ಎಲ್ಲರೂ ಸೇಠ್‌ಜಿ ಎನ್ನುತ್ತಿದ್ದರು.

ಆ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ಫೈಲೂ ಆಗಿರಲಿಲ್ಲ. ತ್ರಿಪಾಠಿಜಿ ಕೂಗಾಡುವ ಮನುಷ್ಯ. ಕೂಗಿದರೆ ನನಗೆ ಹೆದರಿಕೆಯಿರಲಿಲ್ಲ. ಅವತ್ತು ಮೆಲ್ಲಗೆ ಹೇಳಿದರು: 'ಗಿರಿಜಾಜೀ, ಬಹುತ್ ಕಾಮ್ ಕಿಯಾ ಆಪ್‌ನೇ. ಅಗ್‌ಲೇ ಮಹೀನೇ ಸೇ ಆರಾಮ್ ಕೀಜಿಯೇ.' ಮುಂದಿನ ತಿಂಗಳಿಂದ ಆರಾಮ್ ಎಂದರೆ ಕೆಲಸ ಬಿಡು ಎಂದು ನನಗೆ ತಿಳಿಯಿತು. ಮದುವೆ ಇಲ್ಲ, ಓದಿಲ್ಲ, ಕೂದಲು ಹಣ್ಣಾಗುತ್ತಿದೆ. ಈ ಮೇಜು ಬಿಟ್ಟರೆ ನನ್ನನ್ನು ಯಾರು ಕೂರಿಸಿಕೊಳ್ಳುತ್ತಾರೆ? ಗಲ್ಲಿಯ ತುದಿಯವರೆಗೆ ಹೋದೆ. 'ನನ್ನ ತಮ್ಮನ ಫೈಲು ತರ್ತೀನಿ' ಎಂದು ಹಿಂದಕ್ಕೆ ಹೋಗಿ ಹೇಳಿದೆ. ತಮ್ಮ ಇನ್ನೂ ಏನನ್ನೂ ತೀರ್ಮಾನಿಸಿರಲಿಲ್ಲ.

ಭಾನುವಾರ ಅವರ ಮನೆಗೆ ಹೋದೆ. ಗೌರಿ ಬಾಗಿಲಲ್ಲೇ ಹಿಡಿದಳು. 'ಬುಆ, ಖಿಡಕೀ ವಾಲಾ ಕಮ್‌ರಾ ಮೇರಾ ಹೈ. ಪಪ್ಪಾ ಕೋ ಬೋಲ್ ದೋ.' ಕಿಟಕಿಯಿರುವ ಕೋಣೆ ಅವಳದ್ದಂತೆ, ಅತ್ತೆಯಾದ ನಾನು ಅವಳಪ್ಪನಿಗೆ ಹೇಳಬೇಕಂತೆ. ಸುಧಾ ಚಹಾ ತಂದಿಟ್ಟಳು. ಮಹೇಶ ಮೊಣಕಾಲು ಉಜ್ಜುತ್ತಾ ಕೂತಿದ್ದ. ನನ್ನ ಮೇಜಿನ ಎದುರು ಕೂರುವವರ ಹಾಗೆಯೇ.

'ಅಕ್ಕಾ, ನಿಜ ಹೇಳು. ನಮ್ಮ ಕೈಯಿಂದ ಎಷ್ಟು ಹಾಕ್ಬೇಕು?'

'ನೂರಕ್ಕೆ ಎಂಬತ್ತು ಬ್ಯಾಂಕ್ ಕೊಡುತ್ತೆ. ಇಪ್ಪತ್ನಾಲ್ಕು ಲಕ್ಷ ಅವರದು, ಆರು ನಿಮ್ಮದು. ಕಂತು ಇಪ್ಪತ್ತೊಂದೂವರೆ ಸಾವಿರ ಚಿಲ್ಲರೆ.'

'ಆರೇನಾ? ಪೂರಾ?'

'ಮೇಲೆ ಸಣ್ಣಪುಟ್ಟ ಖರ್ಚು ಇರುತ್ತೆ, ಮನೆ ಅಂದ್ಮೇಲೆ.'

ಆ ಸಣ್ಣಪುಟ್ಟದರಲ್ಲಿ ಸ್ಟಾಂಪು ಮತ್ತು ರಜಿಸ್ಟ್ರಿ ಇದ್ದವು. ನಮ್ಮಲ್ಲಿ ಅವೆರಡೂ ಸೇರಿ ಹತ್ತಿರ ಹತ್ತಿರ ನೂರಕ್ಕೆ ಎಂಟು. ಮೂವತ್ತು ಲಕ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರ ಹತ್ತಿರ, ಸುಧಾಳ ಬಳೆಗಳನ್ನು ಸೇರಿಸಿ, ಸರಿಯಾಗಿ ಆರು ಲಕ್ಷ ಇದೆಯೆಂದು ನನಗೆ ಗೊತ್ತಿತ್ತು. ಬ್ಯಾಂಕು ಕೊಡುವ ಎಂಬತ್ತು ಮಾಲೀಕ ಹೇಳಿದ ಬೆಲೆಯ ಮೇಲಲ್ಲ. ಬ್ಯಾಂಕಿನವರೇ ಕಳಿಸುವ ವ್ಯಾಲ್ಯುಯರ್ ಕಟ್ಟಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ, ಆ ಕಡಿಮೆ ಬೆಲೆಯ ಮೇಲೆ. ಅದನ್ನೂ ಹೇಳಲಿಲ್ಲ. ವ್ಯಾಲ್ಯುಯರ್ ಬಂದಾಗ ನೋಡಿಕೊಂಡರಾಯಿತು ಎಂದುಕೊಂಡೆ. ನನಗೆ ಬೇಕಾಗಿದ್ದುದು ತಿಂಗಳೊಳಗೆ ಒಂದು ಫೈಲು.

ಸುಧಾ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಅವಳು ನನ್ನನ್ನು ಅತ್ತಿಗೆ ಎನ್ನುತ್ತಾಳೆ.

'ಅತ್ತಿಗೆ, ಸೇಠ್‌ಗೆ ಎರಡು ಲಕ್ಷ ಈಗ್ಲೇ ಕೊಡ್ಬೇಕಂತಲ್ಲ. ಕೊಟ್ಮೇಲೆ ಏನೋ ಆಗಿ ಸಾಲ ಕಡಿಮೆ ಬಿತ್ತು ಅಂದ್ರೆ?'

'ಅಡ್ವಾನ್ಸ್ ತಾನೇ ಸುಧಾ.'

'ಅಡ್ವಾನ್ಸಾ? ಹಂಗಾದ್ರೆ ಸರಿ. ನಮ್ಮೂರಲ್ಲೂ ಮನೆ ಬಿಡೋವಾಗ ವಾಪಸ್ ಕೊಡ್ತಾರೆ.'

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಚಹಾ ಕುಡಿದೆ. ಬಿಸಿಯಿತ್ತು, ನಾಲಿಗೆ ಸುಟ್ಟಿತು, ಆದರೂ ಲೋಟ ಕೆಳಗಿಡಲಿಲ್ಲ. ಲೋಟ ಬಾಯಿಗೆ ಹಿಡಿದವರು ಮಾತಾಡಬೇಕಿಲ್ಲವಲ್ಲ.

ಎರಡು ದಿನ ಬಿಟ್ಟು ಸುಧಾ ಬಳೆ ಮಾರಿ ಬಂದಳು. ಬರಿಗೈಯಲ್ಲಿ ಇರಬಾರದೆಂದು ವಿಶ್ವನಾಥ ಗಲ್ಲಿಯಲ್ಲಿ ಗಾಜಿನ ಬಳೆ ತೊಟ್ಟುಕೊಂಡು, 'ಚೆನ್ನಾಗಿದಾವಾ ಅತ್ತಿಗೆ?' ಎಂದು ತೋರಿಸಿದಳು. ಬಯಾನಾ ಸಂದಾಯವಾಯಿತು. ಒಂದೂವರೆ ತಿಂಗಳಲ್ಲಿ ರಜಿಸ್ಟ್ರಿ ಎಂದು ಕರಾರು, ಅಕ್ಕ ಇದ್ದಾಳೆಂದು ಮಹೇಶ ಓದದೆ ಸಹಿ ಹಾಕಿದ. ತ್ರಿಪಾಠಿಜಿ ಫೈಲು ನೋಡಿ ನನಗೆ ಚಹಾ ತರಿಸಿದರು. ಆರಾಮದ ಮಾತು ಮತ್ತೆ ಬರಲಿಲ್ಲ.

ವ್ಯಾಲ್ಯುಯರ್ ಬಂದು ಹೋದ. ಬ್ಯಾಂಕಿನ ಕಣ್ಣಿಗೆ ಆ ಮನೆ ಮೂವತ್ತಲ್ಲ, ಇಪ್ಪತ್ತೈದು. ಹಳೆಯ ಕಟ್ಟಡ, ಗಾಡಿ ಬರದ ಗಲ್ಲಿ. ಅದರ ನೂರಕ್ಕೆ ಎಂಬತ್ತು ಎಂದರೆ ಇಪ್ಪತ್ತು ಲಕ್ಷ. ನಾನು ಹೇಳಿದ್ದಕ್ಕಿಂತ ಸಾಲ ನಾಲ್ಕು ಲಕ್ಷ ಕಡಿಮೆಯಾಯಿತು, ಬಚ್ಚಿಟ್ಟಿದ್ದ ರಜಿಸ್ಟ್ರಿ ಖರ್ಚು ಎರಡು ಲಕ್ಷ ನಲವತ್ತು ಸಾವಿರ ಈಗ ಹೊರಗೆ ಬಂತು. ಆರು ಲಕ್ಷ ಹೊಂದಿಸಿ ಸುಸ್ತಾಗಿದ್ದವರು ಇನ್ನೂ ಆರು ಲಕ್ಷ ಚಿಲ್ಲರೆ ತರಬೇಕಿತ್ತು.

ಮಹೇಶ ಸಿಕ್ಕವರನ್ನೆಲ್ಲ ಕೇಳಿದ. ಆಸ್ಪತ್ರೆಯ ಗೆಳೆಯರು, ಹರಿಹರದ ಮಾವನ ಮನೆ, ಮಠದ ಹಿರಿಯರು. ಇವರೊಂದು ಹತ್ತು ಸಾವಿರ, ಅವರೊಂದು ಇಪ್ಪತ್ತು. ಫೋನು ಗುಂಯ್ಗುಟ್ಟಿದರೆ ನಾನೂ ಅವನೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಒಂದು ಸಂಜೆ ಬಂದು ಕೂತವನು, 'ಇವತ್ತು ಒಬ್ಬ ಮುದುಕನಿಗೆ ಎರಡು ಸಲ ಸೂಜಿ ಚುಚ್ಚಿದೆ ಅಕ್ಕ. ಕೈ ನಿಲ್ಲಲಿಲ್ಲ. ನನಗೆ ಯಾವತ್ತೂ ಹಂಗಾಗಿಲ್ಲ' ಎಂದ. ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯದೆ ಅವನಿಗೆ ಊಟಕ್ಕೆ ತಟ್ಟೆ ಹಾಕಿದೆ.

ಸುಧಾಳೇ ಒಂದು ದಿನ ಅವನಿಗೆ ಸಮಾಧಾನ ಹೇಳಿದಳು. 'ಮನೆ ಬ್ಯಾಡ ಬಿಡ್ರಿ. ಅಡ್ವಾನ್ಸ್ ಇಸ್ಕೊಂಡು ಬನ್ನಿ. ಇರೋ ಮನೇಲೇ ಇರೋಣ. ನೀವು ಹಿಂಗೆ ಒಣಗಿಹೋಗೋದು ನೋಡಕ್ಕಾಗಲ್ಲ.'

ಅವನ ಜೊತೆ ನಾನೂ ಸೇಠ್‌ಜಿಯ ಅಂಗಡಿಗೆ ಹೋದೆ. ಬಿಳಿಯ ಗಾದಿಯ ಮೇಲೆ ಕೂರಿಸಿ ಲಸ್ಸಿ ತರಿಸಿದರು. ಮಹೇಶ ಕೈ ಜೋಡಿಸಿ, ಸಾಲ ಕಡಿಮೆ ಬಂತು, ಮನೆ ಆಗುವುದಿಲ್ಲ, ದುಡ್ಡು ವಾಪಸ್ ಕೊಡಿ ಎಂದು ಹಿಂದಿಯಲ್ಲಿ ಹೇಳಿದ.

ಸೇಠ್‌ಜಿ ಅವನ ಮುಖವನ್ನೇ ನೋಡಿದರು, ತಮಾಷೆ ಮಾಡುತ್ತಿದ್ದಾನೋ ಎಂಬಂತೆ. 'ಭೈಯಾ, ಬಯಾನಾ ಕಹೀಂ ವಾಪಸ್ ಹೋಲಾ? ಆಪ್‌ಕೇ ಲಿಯೇ ದೋ ಗ್ರಾಹಕ್ ಲೌಟಾಯೇ ಹೈಂ ಹಮ್.' ಬಯಾನಾ ಎಲ್ಲಾದರೂ ವಾಪಸ್ ಆಗುತ್ತದೆಯೇ, ನಿಮಗಾಗಿ ಇಬ್ಬರು ಗಿರಾಕಿಗಳನ್ನು ಹಿಂದಕ್ಕೆ ಕಳಿಸಿದ್ದೇನೆ ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನನ್ನ ಕಡೆ ತಿರುಗಿ, 'ದೀದೀ ತೋ ಇಸೀ ಲೈನ್ ಕೀ ಹೈಂ, ಸಮ್‌ಝಾಯೀ ನಹೀಂ ಕ್ಯಾ?' ಎಂದು ಕೇಳಿದರು. ಅಕ್ಕ ಇದೇ ದಂಧೆಯವರಲ್ಲವೇ, ತಿಳಿಸಿ ಹೇಳಲಿಲ್ಲವೇ ಎಂದು.

ಮಹೇಶ ನನ್ನನ್ನು ನೋಡಿದ. ಸೇಠ್‌ಜಿಗೆ ತಿಳಿಯದ ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದ. 'ಅಕ್ಕಾ, ನಿನಗೆ ಗೊತ್ತಿತ್ತಾ?'

'ಇಲ್ಲ ಮಹೇಶ. ಈ ಮನುಷ್ಯ ಮಾತು ಬದಲಾಯಿಸ್ತಿದಾನೆ.'

ನನ್ನ ಜೀವಮಾನದಲ್ಲಿ ಅಷ್ಟು ಸಲೀಸಾಗಿ ಬಂದ ಉತ್ತರ ಮತ್ತೊಂದಿಲ್ಲ. ಮಹೇಶ ನಂಬಿದ. ಎದ್ದು ನಿಂತು ಸೇಠ್‌ಜಿಗೆ ಮೋಸಗಾರ ಎಂದ. ಲಸ್ಸಿಯ ಮಣ್ಣಿನ ಕುಲ್ಹಡ್ ಉರುಳಿ ಗಾದಿಯ ಮೇಲೆ ಚೆಲ್ಲಿತು. ಅಂಗಡಿಯ ಆಳುಗಳು ಬಂದು ನಿಂತರು. ನಾನು ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವನು ಅತ್ತ. ನನಗೆ ಅಳು ಬರಲಿಲ್ಲ. ಹಿಂದಿನಿಂದ ಸೇಠ್‌ಜಿ ಓಡಿ ಬಂದು ಎಲ್ಲ ಹೇಳಿಬಿಡುತ್ತಾರೆ ಎಂಬ ಭಯವೊಂದೇ ಇತ್ತು.

ಅವರು ಬರಲಿಲ್ಲ. ಸುಧಾ ಅವರನ್ನು ಎಂದೂ ಮರೆಯಲಿಲ್ಲ. ಸೋಮವಾರ ನಾವಿಬ್ಬರೂ ಗುಡಿಗೆ ಹೋಗಿ ತರಕಾರಿ ತರುವ ದಾರಿಯಲ್ಲೇ ಸೇಠ್‌ಜಿಯ ಮನೆ. ಆ ಬಾಗಿಲು ಬಂದ ಕೂಡಲೇ ಅವಳು ನಿಂತು, 'ನನ್ನ ಬಳೆ ತಿಂದವರ ಮನೆ ಹಾಳಾಗ' ಎನ್ನುತ್ತಿದ್ದಳು. ಜೋರಾಗಿ ಅಲ್ಲ, ಮಂತ್ರ ಹೇಳುವ ಹಾಗೆ. ನಾನು ಪಕ್ಕದಲ್ಲಿ ಪ್ರಸಾದದ ಎಲೆ ಹಿಡಿದು ನಿಂತಿರುತ್ತಿದ್ದೆ. ಶಾಪಕ್ಕೆ ವಿಳಾಸ ಬರೆದಿರುತ್ತದೆಯೇ, ಬಳೆ ತಿಂದವರನ್ನು ಅದು ತಾನಾಗಿಯೇ ಹುಡುಕಿಕೊಳ್ಳುತ್ತದೆಯಲ್ಲವೇ ಎಂದು ಹೆದರುತ್ತಿದ್ದೆ. ಒಂದು ವರ್ಷ ಸೇಠ್‌ಜಿಯ ಮಗನಿಗೆ ಅಪಘಾತವಾಗಿ ಕಾಲು ಮುರಿಯಿತು. ಸುಧಾ, 'ನೋಡಿದ್ರಾ ಅತ್ತಿಗೆ' ಎಂದಳು. ಆಮೇಲೆ ನಾನು ಬೇರೆ ದಾರಿ ಹಿಡಿದೆ, ಮೊಣಕಾಲು ನೋವು, ಮೆಟ್ಟಿಲಾಗುವುದಿಲ್ಲ ಎಂದು ಸುಳ್ಳು ಹೇಳಿ.

ಮಹೇಶನನ್ನೂ ಅವಳು ಬಿಡುತ್ತಿರಲಿಲ್ಲ. 'ಓದಿದವರು ನೀವು. ಅಡ್ವಾನ್ಸ್ ವಾಪಸ್ ಅಂತ ಒಂದು ಸಾಲು ಬರೆಸ್ಕೊಳ್ಳೋಕಾಗ್ಲಿಲ್ವಾ?' ನನ್ನ ಎದುರೇ ಅನ್ನುತ್ತಿದ್ದಳು. ಅವನು, 'ಆಯ್ತು ಮಾರಾಯ್ತಿ, ತಪ್ಪು ನಂದೇ' ಎಂದು ಪೇಪರು ಅಡ್ಡ ಹಿಡಿಯುತ್ತಿದ್ದ.

ಅವತ್ತಿನಿಂದ ಆಫೀಸಿನಲ್ಲಿ ನನ್ನ ರೀತಿ ಬದಲಾಯಿತು. ಎದುರು ಕೂತವರಿಗೆ ಕಂತನ್ನು ಕೊನೆಗೆ ಹೇಳತೊಡಗಿದೆ. ಮೊದಲು ಕೈಯಿಂದ ಹೋಗುವುದು. ವ್ಯಾಲ್ಯುಯರ್ ಬೆಲೆ ಕಡಿಮೆ ಕಟ್ಟಿದರೆ ನೀವು ತುಂಬಬೇಕಾದ್ದು ಇಷ್ಟು. ಸ್ಟಾಂಪು, ರಜಿಸ್ಟ್ರಿ ಇಷ್ಟು. ಬ್ಯಾಂಕಿನ ಫೀಸು, ವಕೀಲರು, ನಗರಪಾಲಿಕೆಯಲ್ಲಿ ಹೆಸರು ಬದಲಾವಣೆ. ಹೊಸ ಮನೆಗೆ ಹೋಗುವವರೆಗೆ ಬಾಡಿಗೆಯೂ ಕಂತೂ ಒಟ್ಟಿಗೆ ಬೀಳುವ ತಿಂಗಳುಗಳು. ಇಷ್ಟೆಲ್ಲ ಆದ ಮೇಲೂ ಮೂರು ಕಂತಿನಷ್ಟು ದುಡ್ಡು ಕೈಯಲ್ಲಿ ಉಳಿಯುತ್ತದೆಯೋ? ಬಡ್ಡಿ ಒಂಬತ್ತರಿಂದ ಹತ್ತಕ್ಕೆ ಹೋದರೆ ಲಕ್ಷಕ್ಕೆ ಒಂಬೈನೂರಿದ್ದದ್ದು ಒಂಬೈನೂರ ಅರವತ್ತೈದಾಗುತ್ತದೆ, ಅದನ್ನೂ ತಾಳಿಕೊಳ್ಳುತ್ತೀರೋ? ಬಯಾನಾಕ್ಕೆ ಬಯಾನಾ ಎಂದೇ ಹೇಳಿದೆ. ಸಾಲ ಸಿಗದಿದ್ದರೆ ವಾಪಸ್ ಎಂಬ ಸಾಲು ಬರೆಸದೆ ಒಂದು ರೂಪಾಯಿ ಕೊಡಬೇಡಿ ಎಂದೆ. ಬಹಳ ಜನ ಎದ್ದು ಹೋದರು. ತ್ರಿಪಾಠಿಜಿ ತಲೆ ಚಚ್ಚಿಕೊಂಡರು. 'ಆಪ್ ಗಿರಾಕಿ ಕೋ ಘರ್ ದಿಲಾತೀ ಹೈಂ ಯಾ ಶ್ಮಶಾನ್ ಭೇಜ್‌ತೀ ಹೈಂ?' ಗಿರಾಕಿಗೆ ಮನೆ ಕೊಡಿಸುತ್ತೀರೋ, ಸ್ಮಶಾನಕ್ಕೆ ಕಳಿಸುತ್ತೀರೋ ಎಂದು.

ಆಮೇಲೆ ಫೋನಿನಲ್ಲಿ ಲೆಕ್ಕ ಬಂತು. ಬೆರಳು ಎಳೆದರೆ ಕಂತು ಇಳಿಯುತ್ತದೆ, ವರ್ಷ ಏರುತ್ತದೆ. ಹುಡುಗಿಯರೇ, ಅದು ನನ್ನ ಬಾಯಿಲೆಕ್ಕಕ್ಕಿಂತ ಸಾವಿರ ಪಾಲು ಸರಿ. ಆದರೆ ಅದು ಕೂಡ ಮೊದಲು ತೋರಿಸುವುದು ಕಂತನ್ನೇ, ದೊಡ್ಡ ಅಕ್ಷರದಲ್ಲಿ. ಉಳಿದ ಖರ್ಚು ಬೇರೆ ಎಂದು ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ತ್ರಿಪಾಠಿಜಿ ಅದರೊಳಗೂ ಕೂತಿದ್ದಾರೆ ಎನಿಸುತ್ತದೆ.

ಹೋದ ವಾರ ಮಹೇಶ ಕರೆಸಿದ. ಸುಂದರಪುರದ ಕಡೆ ಒಂದು ಫ್ಲಾಟು ನೋಡಿದ್ದಾರೆ. ಸುಧಾ ಈಗ ಕೇದಾರ ಘಾಟಿನ ಎರಡು ಹೋಟೆಲಿಗೆ ಇಡ್ಲಿ ಹಿಟ್ಟು ರುಬ್ಬಿಕೊಡುತ್ತಾಳೆ. ಆ ದುಡ್ಡು ಕೂಡಿಟ್ಟಿದ್ದಾಳೆ. ಮಹೇಶ ನನ್ನ ಪಕ್ಕದಲ್ಲಿ ಕೂತು, 'ಲೆಕ್ಕ ನೀನೇ ಹಾಕ್ಕೊಡಕ್ಕ. ಬೇರೆ ಯಾರನ್ನೂ ನಂಬಕ್ಕಾಗಲ್ಲ' ಎಂದ.

ಬೇರೆ ಯಾರನ್ನೂ ಎಂದುಬಿಟ್ಟ. ಅಂಕಿ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆಯೇ. ತ್ರಿಪಾಠಿಜಿಯ ಆರಾಮ್, ಡಾಕ್ಟರಮ್ಮ ಬರೆಸಿದ ಸಾಲು, ನಾನು ಕುಡಿದ ಚಹಾ, ಸೇಠ್‌ಜಿಯ ಅಂಗಡಿಯಲ್ಲಿ ನಾನು ಕೊಟ್ಟ ಉತ್ತರ, ಎಲ್ಲ 'ನನಗೆ ಗೊತ್ತಿತ್ತು ಮಹೇಶ' ಎಂಬಲ್ಲಿಂದ ಶುರುವಾಗಿ ಸುರಿದವು.

ಅವನು ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

'ಆ ಮನುಷ್ಯನಿಗೆ ನಾನು ಮೋಸಗಾರ ಅಂದೆನಲ್ಲ ಅಕ್ಕ' ಎಂದ. ಆಮೇಲೆ, 'ನನಗೆ ಹೇಳಿ ಏನು ಬಂತು? ಬಳೆ ನನ್ನದಲ್ಲ' ಎಂದ.

'ಮಹೇಶ...'

'ಒಳಗಿದಾಳೆ. ಅವಳಿಗೆ ಹೇಳು.'

'ನೀನೂ ಬಾ.'

'ನಾನು ಬರಲ್ಲ.'

ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಸುಧಾ ನನಗೆ ಬೆನ್ನು ಮಾಡಿ ಕೂತು, ಅಂಚಿಗೆ ಹತ್ತಿದ ಹಿಟ್ಟನ್ನು ಒದ್ದೆ ಕೈಯಿಂದ ಒಳಗೆ ದೂಡುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಗ್ರೈಂಡರ್ ನಿಲ್ಲದೇ ಇರಲಿ ಎಂದು ಬೇಡಿಕೊಂಡೆ. ನಿಂತಿತು. ಸುಧಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ತಿರುಗಿ, ನಗುಮುಖದಲ್ಲಿ ಕೇಳಿದಳು.

'ಏನತ್ತಿಗೆ, ಕೈಯಿಂದ ಎಷ್ಟು ಹೋಗುತ್ತಂತೆ?'

'ಹೊಸ ಮನೇದು ಆಮೇಲೆ ಹೇಳ್ತೀನಿ ಸುಧಾ. ಮೊದಲು ಹಳೇ ಮನೇದು ಹೇಳ್ಬೇಕು. ಸ್ವಲ್ಪ ಕೂತ್ಕೋ' ಎಂದೆ.